ಹಕ್ಕಲು ಆಯುವವಳ ಹಕ್ಕು

ನಮ್ಮ ವಿಜಯಪುರ ಜಿಲ್ಲೆಗೆ ತಪಸ್ಸುಕಾಲವು ಸುಗ್ಗಿಯ ಜೊತೆಯಲ್ಲಿಯೇ ಬರುತ್ತದೆ. ಹಿಂಗಾರಿ ಬಿಳಿಜೋಳದ ತೆನೆ ಬಲಿತು, ಎರೆಭೂಮಿಯ ಉದ್ದಗಲಕ್ಕೂ ರಾಶಿಯ ಮಾತು ಕೇಳಿಬರುವ ದಿನಗಳಲ್ಲಿಯೇ ನಾವು ವಿಭೂತಿ ಬುಧವಾರದಂದು ಹಣೆಗೆ ಬೂದಿ ಧರಿಸಿ, ಉಪವಾಸ ಪ್ರಾರ್ಥನೆಗಳನ್ನು ಆರಂಭಿಸುತ್ತೇವೆ. ಹೊಲದಲ್ಲಿ ಸಮೃದ್ಧಿ, ದೇವಾಲಯದಲ್ಲಿ ಪಶ್ಚಾತ್ತಾಪ. ಈ ಎರಡೂ ಒಂದೇ ತಿಂಗಳಿನಲ್ಲಿ ಕೂಡಿಬರುವುದರಲ್ಲಿ ದೇವರ ಸಂಕಲ್ಪವೇನಾದರೂ ಅಡಗಿರಬಹುದೆಂದು ನಮಗೆ ಎಷ್ಟೋ ಬಾರಿ ಅನಿಸಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳು ವಿರಳ. ಒಂದು ಊರಿನಲ್ಲಿ ನಾಲ್ಕು ಮನೆಗಳಿದ್ದರೆ ಮತ್ತೊಂದು ಊರಿನಲ್ಲಿ ಎರಡು. ಆದಕಾರಣ ತಪಸ್ಸುಕಾಲದ ಸಂಜೆಗಳಲ್ಲಿ ನಾವೇ ಊರೂರಿಗೆ ಹೋಗುತ್ತೇವೆ. ಯಾರದಾದರೂ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿ ಜಪಸರವನ್ನು ಪ್ರಾರ್ಥಿಸಿ, ಪವಿತ್ರ ಬೈಬಲಿನ ಒಂದು ಗ್ರಂಥವನ್ನು ಸ್ವಲ್ಪಸ್ವಲ್ಪವಾಗಿ ಓದಿ ಚಿಂತನೆ ಮಾಡುವುದು ರೂಢಿ. ಈ ಸಲ ಓದಿಗೆ ಆರಿಸಿಕೊಂಡದ್ದು ರೂತಳ ಗ್ರಂಥ. ಕೇವಲ ನಾಲ್ಕು ಅಧ್ಯಾಯಗಳ ಕಿರುಹೊತ್ತಿಗೆಯದು. ಕೇಳಲು ಬಂದವರಲ್ಲಿ ಹೆಚ್ಚಿನವರು ಸ್ತ್ರೀಯರು. ಅನೇಕ ಮನೆಗಳ ಗಂಡಸರು ಗುಳೆ ಹೋಗಿರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೈಬಲಿನ ಸ್ತ್ರೀಯರ ಬಗ್ಗೆ ಪ್ರಬೋಧನೆ ಮಾಡುವಾಗ ಧರ್ಮಗುರುಗಳಾದ ನಮಗೆ ಒಂದು ಸಿದ್ಧ ಜಾಡು ಇದೆ. ಸಾರಾಳ ವಿಧೇಯತೆ, ಹನ್ನಳ ಕಣ್ಣೀರು, ರೂತಳ ತಾಳ್ಮೆ, ಮಾತೆ ಮರಿಯಳ ಮೌನ ಇವುಗಳನ್ನು ಎತ್ತಿ ಹೇಳಿ, ನಮ್ಮ ತಾಯಂದಿರೂ ಹಾಗೆಯೇ ಸಹಿಸಿಕೊಂಡು ಬಾಳಬೇಕೆಂದು ಮುಗಿಸಿಬಿಡುತ್ತೇವೆ. ಗುರುಮಠದಲ್ಲಿ ನಾವು ತತ್ತ್ವಶಾಸ್ತ್ರವನ್ನು ಅಭ್ಯಸಿಸಿದವರು. ಸದ್ಗುಣಗಳಿಗೆ ಲಕ್ಷಣ ಹೇಳುವುದನ್ನು ಚೆನ್ನಾಗಿ ಕಲಿತಿದ್ದೇವೆ. ಆದರೆ ಅದೇ ಗ್ರಂಥವನ್ನು ದುಡಿದು ಬಂದ ಹೆಣ್ಣುಮಕ್ಕಳ ನಡುವೆ ಕುಳಿತು ಗಟ್ಟಿಯಾಗಿ ಓದಿದಾಗ, ನಾವು ಕಾಣದೇ ಬಿಟ್ಟಿದ್ದ ಇನ್ನೊಂದು ಸತ್ಯ ಗೋಚರಿಸುತ್ತದೆ. ಬೈಬಲಿನ ಸ್ತ್ರೀಯರು ಕೇವಲ ಸಹಿಸಿಕೊಂಡವರಲ್ಲ. ಅವರು ಬಂದು ಕೇಳಿದವರು. ಅವರು ಕೇಳಿದ್ದು ಸರಿಯೆಂದು ದೇವರೇ ನುಡಿದ ಸಂದರ್ಭಗಳೂ ಇವೆ.

ರೊಟ್ಟಿಯ ಮನೆಯಲ್ಲಿ ರೊಟ್ಟಿ ಇಲ್ಲ

ಬೆತ್ಲೆಹೇಮ್ ಎಂಬ ಹೀಬ್ರೂ ಪದಕ್ಕೆ ರೊಟ್ಟಿಯ ಮನೆ ಎಂದರ್ಥ. ರೂತಳ ಗ್ರಂಥವು ಆರಂಭವಾಗುವುದೇ ಆ ರೊಟ್ಟಿಯ ಮನೆಯಲ್ಲಿ ಬರಗಾಲ ಬಿದ್ದ ಸಂಗತಿಯಿಂದ. ಎಲಿಮೆಲೆಕನೆಂಬವನು ಪತ್ನಿ ನವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಪರನಾಡಾದ ಮೋವಾಬಿಗೆ ಹೊರಟುಹೋದನು. ಅಲ್ಲಿಯೇ ಅವನು ತೀರಿಕೊಂಡನು. ಮಕ್ಕಳು ಅಲ್ಲಿನ ಹೆಣ್ಣುಗಳನ್ನು ಮದುವೆಯಾಗಿ, ಹತ್ತು ವರ್ಷಗಳ ನಂತರ ಅವರೂ ಮಡಿದರು. ಒಂದೇ ಮನೆಯಲ್ಲಿ ಮೂವರು ವಿಧವೆಯರು ಉಳಿದರು.

ಇದನ್ನು ಓದುವಾಗ ನಮ್ಮ ಕಡೆಯ ಜನರಿಗೆ ಭಾಷ್ಯದ ಅಗತ್ಯ ಬೀಳುವುದಿಲ್ಲ. ಡೋಣಿ ನದಿಯ ದಂಡೆ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಹೆಮ್ಮೆಯ ಮಾತು ಇದೇ ನಾಡಿನದು; ಬರ ಬಂದರೆ ಓಣಿಗೆ ಓಣಿಯೇ ಬರಿದಾಗುವುದೂ ಇಲ್ಲಿಯೇ. ಈ ಪ್ರದೇಶವು ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಕಾಲದಲ್ಲಿ, 1876ರಿಂದ 1878ರವರೆಗೆ ಬಂದ ಮಹಾಕ್ಷಾಮವು ಊರುಗಳನ್ನು ಹಾಳುಗೆಡವಿತು. 1972ರ ಬರವನ್ನು ನೆನೆದು ಹೇಳುವ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮುಂಬಯಿ, ಪುಣೆ, ಗೋವಾ, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬಿನ ಕಟಾವಿಗೆ ಇಲ್ಲಿಂದ ಹೊರಟ ಲಾರಿಗಳಿಗೆ ಲೆಕ್ಕವಿಲ್ಲ. ಹೋದವರಲ್ಲಿ ಕೆಲವರು ಮರಳಿ ಬರುವುದಿಲ್ಲ.

ನವೊಮಿ ಮರಳಿ ಬಂದಳು. ಊರಿನ ಹೆಂಗಸರು ಅವಳನ್ನು ಗುರುತಿಸಲಾರದೆ, ಇವಳು ನವೊಮಿಯೇ ಹೌದೇ ಎಂದು ಬೆರಗಾದರು. ನವೊಮಿ ಎಂದರೆ ಮಧುರೆ, ರಮ್ಯೆ ಎಂಬ ಅರ್ಥ. ಅವಳಾದರೋ, ಇನ್ನು ತನ್ನನ್ನು ಹಾಗೆ ಕರೆಯಬೇಡಿರೆಂದೂ ಕಹಿ ಎಂಬರ್ಥದ ಮಾರಾ ಎಂಬ ಹೆಸರೇ ತನಗೆ ತಕ್ಕದ್ದೆಂದೂ ಹೇಳಿಬಿಟ್ಟಳು. ತುಂಬಿದ ಮಡಿಲಿನಿಂದ ಹೋದವಳನ್ನು ದೇವರು ಬರಿಗೈಯಲ್ಲಿ ತಂದರೆಂದು ಬಹಿರಂಗವಾಗಿಯೇ ದೂರಿದಳು. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಪವಿತ್ರಗ್ರಂಥವು ಆಕೆಯ ಬಾಯಿ ಮುಚ್ಚಿಸುವುದಿಲ್ಲ. ಹಾಗೆನ್ನಬಾರದು, ಅದು ಅವಿಶ್ವಾಸ ಎಂದು ಯಾರೂ ಅವಳನ್ನು ತಿದ್ದುವುದಿಲ್ಲ. ದುಃಖಿತಳ ದೂರನ್ನು ದೇವರ ವಾಕ್ಯವು ತನ್ನೊಳಗೇ ಸೇರಿಸಿಕೊಂಡು ಕಾಪಾಡಿದೆ. ಸಾವಿನ ಮನೆಗೆ ಹೋದೊಡನೆ ಎಲ್ಲವೂ ದೇವರ ಚಿತ್ತವೆಂದು ಅವಸರದ ಸಾಂತ್ವನ ಹೇಳುವ ನಮಗೆಲ್ಲ ಇದು ಮೊದಲ ಪಾಠ.

ಹಕ್ಕಲು ಭಿಕ್ಷೆಯಲ್ಲ

ಊರಿಗೆ ಬಂದ ಮೇಲೆ ರೂತಳು ಜವೆಗೋದಿಯ ಹೊಲಕ್ಕೆ ಹಕ್ಕಲು ಆಯಲು ಹೋದಳು. ಹಕ್ಕಲು ಎಂಬ ಮಾತನ್ನು ಪೇಟೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಹಳ್ಳಿಯ ತಾಯಂದಿರಿಗೆ ಅದು ಕೈಯ ಅನುಭವ. ಬೆಳೆ ತೆಗೆದಾದ ಮೇಲೆ ನೆಲದಲ್ಲಿ ಉಳಿದ ತೆನೆ, ಕಾಳು, ಶೇಂಗಾಗಳನ್ನು ಆರಿಸಿಕೊಳ್ಳುವುದೇ ಹಕ್ಕಲು.

ಈ ಹಕ್ಕಲಿನ ಬಗ್ಗೆ ಮೋಶೆಯ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾದ ನಿಯಮಗಳಿವೆ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೂ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿಯೂ ಅವುಗಳನ್ನು ಕಾಣಬಹುದು. ಹೊಲದ ಅಂಚಿನವರೆಗೂ ಕೊಯ್ಯಬಾರದು. ಮರೆತ ಸಿವುಡಿಗಾಗಿ ಹಿಂದಿರುಗಿ ಹೋಗಬಾರದು. ಎಣ್ಣೆಮರವನ್ನು ಎರಡನೆಯ ಸಲ ಬಡಿಯಬಾರದು. ದ್ರಾಕ್ಷಿಯ ಉಳಿಕೆಯನ್ನು ಕೀಳಬಾರದು. ಉಳಿದದ್ದು ಬಡವರಿಗೆ, ಪರದೇಶಿಗಳಿಗೆ, ತಬ್ಬಲಿಗಳಿಗೆ, ವಿಧವೆಯರಿಗೆ ಸೇರತಕ್ಕದ್ದು. ಈ ನಿಯಮದ ಸ್ವರೂಪವನ್ನು ಸ್ವಲ್ಪ ಆಲೋಚಿಸೋಣ. ವಿಧವೆಯು ಬೇಡಬೇಕೆಂದು ಶಾಸ್ತ್ರ ಆಜ್ಞಾಪಿಸುವುದಿಲ್ಲ. ಒಡೆಯನು ಬಿಡಬೇಕೆಂದು ಆಜ್ಞಾಪಿಸುತ್ತದೆ. ಆಕೆ ಹೊಲದೊಳಗೆ ಕಾಲಿಡುವುದು ಭಿಕ್ಷೆಗಾಗಿ ಅಲ್ಲ, ತನಗೆ ಸಲ್ಲಬೇಕಾದುದನ್ನು ತನ್ನ ದುಡಿಮೆಯಿಂದಲೇ ಕೂಡಿಸಿಕೊಳ್ಳಲು.

ಹೊಲದ ಒಡೆಯನಾದ ಬೋವಜನು ನಿಯಮಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದನು. ಆಳುಗಳು ಬೇಕೆಂದೇ ಸಿವುಡಿನಿಂದ ಕೆಲವು ತೆನೆಗಳನ್ನು ಕೆಳಗೆ ಬೀಳಿಸುತ್ತ ಹೋಗಬೇಕು, ಆಕೆಯನ್ನು ಗದರಿಸಬಾರದು, ಮುಟ್ಟಬಾರದು ಎಂದು ಅಪ್ಪಣೆ ಕೊಟ್ಟನು. ಸಂಜೆ ಬಡಿದು ಅಳೆದಾಗ ರೂತಳಿಗೆ ಸಿಕ್ಕಿದ ಜವೆಗೋದಿ ಒಂದು ಏಫಾದಷ್ಟು. ಅದು ಸುಮಾರು 22 ಲೀಟರಿನ ಅಳತೆಯೆಂದು ವಿದ್ವಾಂಸರು ಎಣಿಸಿದ್ದಾರೆ.

ಈ ಪ್ರಸಂಗವನ್ನು ಬಸವನ ಬಾಗೇವಾಡಿಯ ಸೀಮೆಯಲ್ಲಿ ಓದುವಾಗ ಆಯ್ದಕ್ಕಿ ಲಕ್ಕಮ್ಮನ ನೆನಪು ಬಾರದಿರುವುದು ಹೇಗೆ? ಬಸವಣ್ಣನವರು ಹುಟ್ಟಿದ ನೆಲವದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಲಕ್ಕಮ್ಮನ ಪತಿ ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಬಸವಣ್ಣನವರು ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದರೆಂದೂ, ಮಾರಯ್ಯನು ಅದನ್ನೆಲ್ಲ ಆಯ್ದು ತಂದಾಗ ಲಕ್ಕಮ್ಮನು ದಿನದ ಅಳತೆಗೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳೆಂದೂ ಜನಜನಿತವಾದ ಕಥೆಯಿದೆ. ಬೆತ್ಲೆಹೇಮಿನ ಹೊಲದಲ್ಲಿ ತೆನೆ ಬೀಳಿಸಿದ ಕೈಗೂ ಕಲ್ಯಾಣದ ಅಂಗಳದಲ್ಲಿ ಅಕ್ಕಿ ಚೆಲ್ಲಿದ ಕೈಗೂ ಎಷ್ಟೊಂದು ಸಾಮ್ಯ! ಆಯ್ದು ತಿನ್ನುವವಳಿಗೂ ಒಂದು ಘನತೆ ಇದೆ, ತನಗೆ ಸಲ್ಲುವುದು ಎಷ್ಟೆಂಬುದನ್ನು ಅವಳು ಚೆನ್ನಾಗಿ ಬಲ್ಲಳು ಎಂಬುದನ್ನು ಈ ನೆಲವು ಬಹಳ ಹಿಂದೆಯೇ ಅರಿತಿತ್ತು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ, ಕಣದಲ್ಲಿಯೇ ಆಯಗಾರರಿಗೆ ಪಾಲು ಅಳೆದುಕೊಡುತ್ತಿದ್ದ ಒಕ್ಕಲುತನಕ್ಕೆ ಬೋವಜನು ಅಪರಿಚಿತನಲ್ಲ.

ನಮ್ಮದೊಂದು ತಪ್ಪೊಪ್ಪಿಗೆ

ಇಷ್ಟನ್ನೆಲ್ಲ ಬರೆಯುವ ಅಧಿಕಾರ ನಮಗಿದೆಯೇ ಎಂದು ಓದುಗರು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ತಪಸ್ಸುಕಾಲವು ಪಾಪನಿವೇದನೆಯ ಕಾಲವಾದ್ದರಿಂದ ನಮ್ಮ ತಪ್ಪನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಹಳ್ಳಿಯೊಂದರ ಯುವಕನು ಪರರಾಜ್ಯದಲ್ಲಿ ಕಟ್ಟಡದ ಕೆಲಸದಲ್ಲಿದ್ದಾಗ ಮರಣಹೊಂದಿದನು. ಇಬ್ಬರು ಎಳೆಯ ಮಕ್ಕಳೊಂದಿಗೆ ಅವನ ಪತ್ನಿ ಊರಿನಲ್ಲಿದ್ದಳು. ಮನೆತನಕ್ಕೆ ಆರು ಎಕರೆ ಹೊಲವಿತ್ತು. ಅದು ಎಂದೋ ತೀರಿಕೊಂಡಿದ್ದ ಮಾವನ ಹೆಸರಿನಲ್ಲಿಯೇ ಉಳಿದಿತ್ತು. ಮಾವನಿಗೆ ಇಬ್ಬರೇ ಗಂಡುಮಕ್ಕಳು, ಉಳುತ್ತಿದ್ದವನು ಹಿರಿಯನು. ಮಳೆ ನೆಚ್ಚಿದ ಹೊಲವಾಗಿದ್ದಷ್ಟು ದಿನ ಅದರ ಬಗ್ಗೆ ಯಾರಿಗೂ ಜಗಳವಿರಲಿಲ್ಲ. ಆಲಮಟ್ಟಿಯ ಹಿನ್ನೀರನ್ನು ಮೇಲೆತ್ತಿ ಹರಿಸುವ ಕಾಲುವೆಗಳು ನಮ್ಮ ಜಿಲ್ಲೆಗೆ ಬಂದ ಮೇಲೆ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಕಂಡಿತು, ನೆಲದ ಬೆಲೆ ಏರಿತು. ನೀರಿನ ಹಿಂದೆಯೇ ವ್ಯಾಜ್ಯವೂ ಹರಿದುಬಂದಿತು.

ಆ ಹೆಣ್ಣುಮಗಳು ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, ತನ್ನ ಮಕ್ಕಳ ಪಾಲಿನ ಬಗ್ಗೆ ಮೈದುನನೊಂದಿಗೆ ಅಲ್ಲ, ಭಾವನೊಂದಿಗೆ ಒಂದು ಮಾತು ಆಡಬೇಕೆಂದು ಬೇಡಿಕೊಂಡಳು. ಮೈದುನನಾಗಿದ್ದರೆ ತಾನೇ ಕೇಳುತ್ತಿದ್ದೆ, ಭಾವನ ಎದುರು ಬಾಯಿ ಬರುವುದಿಲ್ಲ ಎಂಬುದು ಅವಳ ಸಂಕೋಚ. ನಾವಾದರೋ ಮನೆತನದ ಆಸ್ತಿಯ ವಿಚಾರದಲ್ಲಿ ಗುರುಗಳು ಕೈಹಾಕುವುದು ಯೋಗ್ಯವಲ್ಲವೆಂದು ಭಾವಿಸಿ, ರೂತಳ ತಾಳ್ಮೆಯ ಬಗ್ಗೆ ನಾಲ್ಕು ಹಿತವಚನ ಹೇಳಿ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿಬಿಟ್ಟೆವು. ಮುಂದಿನ ತಿಂಗಳು ಆ ಊರಿಗೆ ಹೋದಾಗ ಅವಳ ಬಾಗಿಲಿಗೆ ಬೀಗ ಬಿದ್ದಿತ್ತು. ಮಕ್ಕಳನ್ನು ಶಾಲೆ ಬಿಡಿಸಿ, ಗಂಡನು ಹೋದ ದಾರಿಯಲ್ಲಿಯೇ ಅವಳೂ ಗುಳೆ ಹೊರಟುಹೋಗಿದ್ದಳು.

ಅವಳ ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದಳು. ಪ್ರತಿದಿನವೂ ತಪ್ಪದೆ ಜಪಸರ ಹೇಳುವ ಮುದುಕಿ. ನಮ್ಮನ್ನು ನೋಡಿ ಆಕೆ ಬಯ್ಯಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ ಹೀಗೆಂದಳು: "ಸ್ವಾಮಿಗಳ, ಆ ರೂತವ್ವಗ ಹಕ್ಕಲಾ ಆರಸಾಕ ಒಂದ ಹೊಲಾರ ಇತ್ತು. ನನ್ನ ಸೊಸಿಗೆ ನೀವು ಬರೀ ಕಥಿ ಹೇಳಿ ಕಳಿಸಿದ್ರಿ."

ಗುರುಮಠದಲ್ಲಿ ನಾವು ಬರೆದ ಯಾವ ಪರೀಕ್ಷೆಯಲ್ಲಿಯೂ ಇಷ್ಟು ನೇರವಾದ ಪ್ರಶ್ನೆ ಬಂದಿರಲಿಲ್ಲ. ಸಂತ ತೋಮಸ್ ಅಕ್ವಿನಾಸರ ಬೋಧನೆಯ ಪ್ರಕಾರ, ಪ್ರತಿಯೊಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸುವ ದೃಢವಾದ ಮನಸ್ಸೇ ನ್ಯಾಯವೆಂಬ ಸದ್ಗುಣ. ಎರಡನೆಯ ವ್ಯಾಟಿಕನ್ ಮಹಾಸಭೆಯೂ ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನು ಕುರಿತ 1965ರ ಆದೇಶಪತ್ರದಲ್ಲಿ, ನ್ಯಾಯವಾಗಿ ಕೊಡಬೇಕಾದುದನ್ನು ದಾನದ ರೂಪದಲ್ಲಿ ಕೊಡಬಾರದೆಂದು ಎಚ್ಚರಿಸಿದೆ. ನಾವು ಆ ಹೆಣ್ಣುಮಗಳಿಗೆ ನ್ಯಾಯವನ್ನೂ ಕೊಡಲಿಲ್ಲ, ದಾನವನ್ನೂ ಕೊಡಲಿಲ್ಲ. ಕೊಟ್ಟದ್ದು ಉಪದೇಶವನ್ನು ಮಾತ್ರ.

ಗುಡಾರದ ಬಾಗಿಲಿಗೆ ಬಂದ ಐವರು

ಅಂದು ರಾತ್ರಿ ನಾವು ಸಂಖ್ಯಾಕಾಂಡದ ಇಪ್ಪತ್ತೇಳನೆಯ ಅಧ್ಯಾಯವನ್ನು ತೆರೆದೆವು. ಅಲ್ಲಿ ಚಲ್ಪಹಾದನೆಂಬವನ ಐವರು ಹೆಣ್ಣುಮಕ್ಕಳ ವೃತ್ತಾಂತವಿದೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬುದು ಅವರ ಹೆಸರುಗಳು. ಪುರಾತನ ಗ್ರಂಥಗಳು ಅನೇಕ ಬಾರಿ ಹೆಣ್ಣುಮಕ್ಕಳ ಹೆಸರನ್ನು ಕೈಬಿಡುತ್ತವೆ. ಇಲ್ಲಿ ಮಾತ್ರ ಐವರ ಹೆಸರುಗಳೂ ಬರುತ್ತವೆ, ಅದೂ ಒಂದಕ್ಕಿಂತ ಹೆಚ್ಚು ಸಲ.

ಅವರ ತಂದೆ ಅರಣ್ಯದಲ್ಲಿ ಮಡಿದನು, ಅವನಿಗೆ ಗಂಡುಮಕ್ಕಳಿರಲಿಲ್ಲ. ವಾಗ್ದತ್ತ ನಾಡನ್ನು ಹಂಚುವ ಸಮಯ ಬಂದಾಗ ಈ ಐವರೂ ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮೋಶೆ, ಯಾಜಕ, ಮುಖಂಡರು ಹಾಗೂ ಸಮಸ್ತ ಸಭೆಯ ಎದುರಿನಲ್ಲಿ ನಿಂತರು. ಗಂಡುಮಗನಿಲ್ಲವೆಂಬ ಕಾರಣಕ್ಕೆ ತಂದೆಯ ಹೆಸರು ಕುಲದಿಂದ ಅಳಿದುಹೋಗಬೇಕೇ ಎಂದು ಪ್ರಶ್ನಿಸಿ, ತಮಗೂ ಆಸ್ತಿಯ ಪಾಲು ಕೊಡಬೇಕೆಂದು ಕೇಳಿದರು. ಮೋಶೆಯು ತಾನಾಗಿ ಉತ್ತರ ಕೊಡಲಿಲ್ಲ. ತಾಳ್ಮೆಯಿಂದಿರಿ ಎಂದು ಕಳುಹಿಸಲೂ ಇಲ್ಲ. ಅವರ ಅಹವಾಲನ್ನು ದೇವರ ಸನ್ನಿಧಿಗೆ ಕೊಂಡೊಯ್ದನು. ಆ ಹೆಣ್ಣುಮಕ್ಕಳು ಹೇಳುತ್ತಿರುವುದು ಸರಿ, ಅವರಿಗೆ ಪಾಲು ಸಲ್ಲತಕ್ಕದ್ದು ಎಂಬುದು ದೇವರ ತೀರ್ಪಾಯಿತು. ಮುಂದೆ ಕುಲದ ಹಿರಿಯರ ಆಕ್ಷೇಪಣೆಯಿಂದಾಗಿ ಅವರು ಸ್ವಕುಲದಲ್ಲಿಯೇ ಮದುವೆಯಾಗಬೇಕೆಂಬ ಕಟ್ಟಳೆ ಸೇರಿಕೊಂಡಿತು. ಆದರೂ ಪಾಲು ರದ್ದಾಗಲಿಲ್ಲ. ಯೆಹೋಶುವನ ಕಾಲದಲ್ಲಿ ಅವರು ಮತ್ತೆ ಬಂದು ನೆನಪಿಸಿ ಅದನ್ನು ಪಡೆದುಕೊಂಡರು. ಒಮ್ಮೆ ಆದ ತೀರ್ಪನ್ನು ಮತ್ತೊಮ್ಮೆ ನೆನಪಿಸಬೇಕಾಗಿ ಬರುವುದು ಅಂದಿನಿಂದಲೂ ಇರುವ ಸಂಗತಿ.

ನಮ್ಮ ದೇಶದ ಕಾನೂನನ್ನೂ ಇಲ್ಲಿ ತಿಳಿದುಕೊಳ್ಳುವುದು ಒಳಿತು, ಏಕೆಂದರೆ ನಮ್ಮ ಅನೇಕ ಕುಟುಂಬಗಳಿಗೆ ಇದರ ಅರಿವಿಲ್ಲ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಗಂಡನು ಉಯಿಲು ಬರೆಯದೆ ತೀರಿಕೊಂಡರೆ, ಮಕ್ಕಳಿರುವಲ್ಲಿ ಮೂರರಲ್ಲಿ ಒಂದು ಪಾಲು ವಿಧವೆಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡುಮಗನಿಗೆಷ್ಟೋ ಹೆಣ್ಣುಮಗಳಿಗೂ ಅಷ್ಟೇ. ಹಿಂದಿನ ತಿರುವಾಂಕೂರಿನಲ್ಲಿ 1916ರ ಪ್ರತ್ಯೇಕ ಕಾಯಿದೆಯಿತ್ತು. ಅದರ ಪ್ರಕಾರ ಹೆಣ್ಣುಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಕೇರಳದ ಶಿಕ್ಷಕಿ ಮೇರಿ ರಾಯ್ ಅವರು ಹೂಡಿದ ದಾವೆಯಲ್ಲಿ 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಅಲ್ಲಿನ ಕ್ರೈಸ್ತರಿಗೂ 1925ರ ಕಾಯಿದೆಯೇ ಅನ್ವಯಿಸುತ್ತದೆಂದು ಸಾರಿತು. ಗುಡಾರದ ಬಾಗಿಲಿನಲ್ಲಿ ನಿಂತ ಆ ಐವರ ಮಾತೇ ಮೂರು ಸಾವಿರ ವರ್ಷಗಳ ನಂತರ ನ್ಯಾಯಾಲಯದ ಬಾಗಿಲಿನಲ್ಲಿ ಕೇಳಿಬಂದಿತೆನ್ನಬಹುದು.

ಈ ಲೆಕ್ಕವನ್ನು ನಾವು ಆ ಆರು ಎಕರೆಗೆ ಹಚ್ಚಿ ನೋಡಿದೆವು. ಮಾವನು ತೀರಿಕೊಂಡಾಗಲೇ ಮೂರರಲ್ಲಿ ಒಂದು ಪಾಲು, ಅಂದರೆ ಎರಡು ಎಕರೆ, ಅತ್ತೆಗೆ ಸೇರಿತ್ತು. ಉಳಿದ ನಾಲ್ಕರಲ್ಲಿ ಎರಡು ಹಿರಿಯ ಮಗನಿಗೆ, ಎರಡು ಕಿರಿಯನಿಗೆ. ಕಿರಿಯನ ಎರಡು ಎಕರೆ ಅವನ ಪತ್ನಿಗೂ ಮಕ್ಕಳಿಗೂ ಸಲ್ಲಬೇಕಾದುದು. ಕಟ್ಟೆಯ ಮೇಲೆ ಕುಳಿತ ಮುದುಕಿಯೂ ಗುಳೆ ಹೋದ ಸೊಸೆಯ ಮನೆಯವರೂ ಸೇರಿದರೆ ಆರು ಎಕರೆಯಲ್ಲಿ ನಾಲ್ಕು ಎಕರೆ ಅವರದೇ! ತಮ್ಮದೇ ಹೊಲದಲ್ಲಿ ಅವರು ಹಕ್ಕಲು ಆಯುವವರಂತೆ ನಿಂತಿದ್ದರು. ನವೊಮಿಗೂ ಬೆತ್ಲೆಹೇಮಿನಲ್ಲಿ ಎಲಿಮೆಲೆಕನ ಹೊಲವೊಂದು ಇತ್ತೆಂಬುದು ಗ್ರಂಥದ ಕೊನೆಯ ಅಧ್ಯಾಯದಲ್ಲಿಯೇ ನಮಗೆ ತಿಳಿದುಬರುತ್ತದೆ. ಬೋವಜನು ಊರಬಾಗಿಲಿನಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ಎಲ್ಲರೂ ಕೇಳುವಂತೆ ಆ ಮಾತನ್ನು ಎತ್ತಿದ ಮೇಲೆಯೇ ಅದು ಇತ್ಯರ್ಥವಾಯಿತು.

ನಾವು ಹಿರಿಯ ಮಗನನ್ನು ಕಂಡು ಮಾತನಾಡಿದೆವು. ಅವನು ಕೆಟ್ಟವನಲ್ಲ. ಬರದ ವರ್ಷಗಳಲ್ಲಿ ಸಾಲ ಮಾಡಿ ಹೊಲ ಉಳಿಸಿದವನು ತಾನು, ಆಗ ಯಾರೂ ಪಾಲು ಕೇಳಲಿಲ್ಲವೆಂಬುದು ಅವನ ಅಳಲು. ಅದರಲ್ಲಿ ಸತ್ಯವೂ ಇತ್ತು. ಸಾಲದ ಹೊರೆಯನ್ನೂ ಹಂಚಿಕೊಳ್ಳುವುದೆಂದು ಹಿರಿಯರು ಕುಳಿತು ಮಾತಾಡುವಷ್ಟರಲ್ಲಿ ಒಂದು ವರ್ಷವೇ ಕಳೆಯಿತು. ಕೊನೆಗೆ ಆ ಹೆಣ್ಣುಮಗಳ ಹಾಗೂ ಮಕ್ಕಳ ಹೆಸರು ಉತಾರದಲ್ಲಿ ಏರಿತು. ಅತ್ತೆಯ ಹೆಸರೂ ಏರಿತು. ಅವಳು ಇನ್ನೂ ಸಂಪೂರ್ಣವಾಗಿ ಊರಿಗೆ ಮರಳಿಲ್ಲ. ಸುಗ್ಗಿಗೆ ಬಂದು ಹೋಗುತ್ತಾಳೆ. ಮಕ್ಕಳು ಕಳೆದುಕೊಂಡ ಶಾಲೆಯ ದಿನಗಳನ್ನು ಹಿಂದಿರುಗಿಸಲು ನಮ್ಮಿಂದಾಗದು. ಅಂದು ಆ ಭಾನುವಾರವೇ ನಾವು ಅವಳೊಂದಿಗೆ ಹತ್ತು ಹೆಜ್ಜೆ ನಡೆದುಹೋಗಿದ್ದರೆ ಆ ವರ್ಷವು ಉಳಿಯುತ್ತಿತ್ತು.

ನೋಡುವ ದೇವರು

ಇನ್ನೊಬ್ಬ ಸ್ತ್ರೀಯನ್ನು ನಾವು ಮರೆಯಬಾರದು. ಆಕೆ ಹಾಗರಳು, ಅಬ್ರಹಾಮನ ಮನೆಯ ದಾಸಿ, ಈಜಿಪ್ಟಿನವಳು. ಒಡತಿಯ ಕಾಟ ತಾಳಲಾರದೆ ಒಮ್ಮೆ ಬಸುರಿಯಾಗಿದ್ದಾಗಲೇ ಓಡಿಹೋದಳು. ಮತ್ತೊಮ್ಮೆ ಒಂದಿಷ್ಟು ರೊಟ್ಟಿಯನ್ನೂ ಒಂದು ತಿತ್ತಿ ನೀರನ್ನೂ ಹೆಗಲಿಗೇರಿಸಿ ಮಗನೊಡನೆ ಅವಳನ್ನು ಮನೆಯಿಂದ ಹೊರಗೆ ಕಳುಹಿಸಲಾಯಿತು. ತಿತ್ತಿಯ ನೀರು ಮುಗಿದಾಗ ಮಗನು ಸಾಯುವುದನ್ನು ನೋಡಲಾರದೆ ದೂರ ಹೋಗಿ ಕುಳಿತು ಅತ್ತಳು. ದೇವದೂತನು ಅವಳನ್ನು ಹೆಸರು ಹಿಡಿದು ಕರೆದನು. ದೇವರು ಅವಳ ಕಣ್ಣು ತೆರೆಯಿಸಲು ಹತ್ತಿರದಲ್ಲಿಯೇ ನೀರಿನ ಬಾವಿ ಕಂಡಿತು.

ಅಬ್ರಹಾಮನ ಮನೆಯಲ್ಲಿ ಸಾರಾಳಾಗಲಿ ಅಬ್ರಹಾಮನಾಗಲಿ ಅವಳ ಹೆಸರು ಹಿಡಿದು ಮಾತನಾಡಿದ ಪ್ರಸಂಗ ಆದಿಕಾಂಡದಲ್ಲಿ ಇಲ್ಲ; ಅವರ ಬಾಯಲ್ಲಿ ಅವಳು ಕೇವಲ ದಾಸಿ. ಹೆಸರು ಹಿಡಿದು ಕರೆದದ್ದು ದೇವದೂತನೊಬ್ಬನೇ. ಅಂಥವಳೇ ದೇವರಿಗೆ ಒಂದು ಹೆಸರಿಟ್ಟಳು: ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ದೇವರಿಗೆ ಹೀಗೆ ತಾನಾಗಿ ಹೆಸರಿಟ್ಟವರಲ್ಲಿ ಮೊದಲಿಗಳು ಈ ಮನೆಗೆಲಸದ ಹೆಣ್ಣು. ಕೊಡ ಹೊತ್ತು ನೀರಿಗಾಗಿ ಮೈಲಿಗಟ್ಟಲೆ ನಡೆದ, ಒಡೆಯರ ಮನೆಯಲ್ಲಿ ಹೆಸರಿಲ್ಲದೆ ದುಡಿದ ನಮ್ಮ ಅಜ್ಜಿಯರಿಗೆ ಈ ಹೆಸರಿನ ಬೆಲೆ ತಿಳಿದಿತ್ತು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಬರುವವಳ, ಲಿಂಬೆಯ ತೋಟಕ್ಕೆ ಕೂಲಿಗೆ ಬರುವವಳ ಹೆಸರು ನಮಗೆ ಗೊತ್ತಿದೆಯೇ? ಈ ತಪಸ್ಸುಕಾಲದಲ್ಲಿ ಆತ್ಮಶೋಧನೆಗೆ ಇದೂ ಒಂದು ಪ್ರಶ್ನೆಯಾಗಲಿ.

ಮೊದಲ ಸಾಕ್ಷಿಯ ಮಾತು

ಪಾಸ್ಕ ಮಹೋತ್ಸವವು ಸಮೀಪಿಸುತ್ತಿದ್ದಂತೆ ನಮ್ಮ ಮನಸ್ಸು ಮಗ್ದಲದ ಮರಿಯಳ ಕಡೆಗೆ ತಿರುಗುತ್ತದೆ. ಯೇಸುಸ್ವಾಮಿಯು ಅವಳನ್ನು ಏಳು ದೆವ್ವಗಳಿಂದ ಬಿಡುಗಡೆ ಮಾಡಿದರೆಂದೂ, ಅವಳು ಇತರ ಸ್ತ್ರೀಯರೊಂದಿಗೆ ತಮ್ಮ ಆಸ್ತಿಯಿಂದ ಅವರಿಗೆ ಸೇವೆ ಮಾಡುತ್ತಿದ್ದಳೆಂದೂ ಸಂತ ಲೂಕರು ತಿಳಿಸುತ್ತಾರೆ. ಅವಳು ನಡತೆಗೆಟ್ಟವಳೆಂದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಹೇಳಿಲ್ಲ. ಆದರೂ 591ರಲ್ಲಿ ಜಗದ್ಗುರು ಮೊದಲನೆಯ ಗ್ರೆಗೊರಿಯವರು ತಮ್ಮ ಪ್ರಬೋಧನೆಯಲ್ಲಿ ಅವಳನ್ನು, ಪ್ರಭುವಿನ ಪಾದವನ್ನು ಕಣ್ಣೀರಿನಿಂದ ತೊಳೆದ ಅನಾಮಿಕ ಪಾಪಿಣಿಯೊಂದಿಗೆ ಒಂದಾಗಿಸಿ ಹೇಳಿದರು. ಆ ತಪ್ಪುಗ್ರಹಿಕೆಯು ಚಿತ್ರಗಳಲ್ಲಿ, ನಾಟಕಗಳಲ್ಲಿ, ಪ್ರಬೋಧನೆಗಳಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಬಾಳಿತು. ಧರ್ಮಸಭೆಯು 1969ರಲ್ಲಿ ತನ್ನ ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ ಈ ಬೆಸುಗೆಯನ್ನು ಬಿಡಿಸಿತು. 2016ರಲ್ಲಿ ಜಗದ್ಗುರು ಫ್ರಾನ್ಸಿಸರು ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳಿಗೆ ಸಮನಾದ ಹಬ್ಬದ ದರ್ಜೆಗೆ ಏರಿಸಿದರು. ಪ್ರೇಷಿತರಿಗೇ ಪ್ರೇಷಿತೆ ಎಂಬ ಬಿರುದು ಅವಳಿಗೆ ಬಹಳ ಹಿಂದಿನಿಂದಲೂ ಇದೆ. ಸಂತ ತೋಮಸ್ ಅಕ್ವಿನಾಸರೂ ಅದನ್ನು ಬಳಸಿದ್ದರು.

ಧರ್ಮಸಭೆಯಂಥ ಧರ್ಮಸಭೆಯೇ ಒಬ್ಬ ಸ್ತ್ರೀಯ ಬಗೆಗಿನ ತಪ್ಪನ್ನು ತಿದ್ದಿಕೊಳ್ಳಲು ಸಾವಿರದ ಮುನ್ನೂರಕ್ಕೂ ಮೀರಿ ವರ್ಷ ತೆಗೆದುಕೊಂಡಿತೆಂದರೆ, ನಮ್ಮ ಊರಬಾಯಿ ಹಬ್ಬಿಸಿದ ಒಂದು ಮಾತು ಎಷ್ಟು ದಿನ ಬಾಳಬಹುದೆಂದು ಊಹಿಸಿರಿ. ಗಂಡನು ಗುಳೆ ಹೋದವಳು ಸಂತೆಗೆ ಹೋದರೂ ಮಾತು, ವಿಧವೆ ಹೊಸ ಸೀರೆ ಉಟ್ಟರೂ ಮಾತು. ಪಾಲು ಕೇಳಿದ ಹೆಣ್ಣಿನ ಬಾಯಿ ಮುಚ್ಚಿಸಲು ಮೊದಲು ಎತ್ತುವ ಆಯುಧವೇ ಅವಳ ನಡತೆಯ ಮೇಲಿನ ಅಪವಾದ. ಆ ಆರು ಎಕರೆಯ ಪ್ರಸಂಗದಲ್ಲಿಯೂ ಅಂಥ ಮಾತುಗಳು ನಮ್ಮ ಕಿವಿಗೆ ಬಿದ್ದಿದ್ದವು; ಅವುಗಳನ್ನು ಅಲ್ಲಿಯೇ ತಡೆಯುವ ಧೈರ್ಯ ನಮಗೆ ಬರಲಿಲ್ಲ.

ಪುನರುತ್ಥಾನದ ಬೆಳಿಗ್ಗೆ ಸ್ತ್ರೀಯರು ಓಡೋಡಿ ಬಂದು ಸುದ್ದಿ ತಿಳಿಸಿದಾಗ ಪ್ರೇಷಿತರು ಅದನ್ನು ಬರೀ ಹರಟೆಯೆಂದು ಭಾವಿಸಿದರೆಂದು ಸಂತ ಲೂಕರು ಮರೆಮಾಚದೆ ಬರೆದಿದ್ದಾರೆ. ಲೋಕದ ಅತಿ ದೊಡ್ಡ ಶುಭವಾರ್ತೆಯು ಹೆಣ್ಣಿನ ಬಾಯಿಂದ ಬಂದಿತೆಂಬ ಕಾರಣಕ್ಕೆ ಮೊದಲ ದಿನವೇ ನಂಬಿಕೆಗೆ ಎರವಾಯಿತು. ಗುರುಗಳಾದ ನಮಗೂ ಮನೆಯ ಯಜಮಾನರಿಗೂ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ಬೇಕಿಲ್ಲ.

ಪಾಸ್ಕಕ್ಕೆ ಮುನ್ನ

ಮಾತೆ ಮರಿಯಳ ಮೌನವನ್ನು ನಾವು ಬಹಳವಾಗಿ ಕೊಂಡಾಡುತ್ತೇವೆ. ಆದರೆ ದೇವದೂತನು ಬಂದಾಗ ಅವರು ಮೊದಲು ಕೇಳಿದ್ದು ಇದು ಹೇಗಾದೀತೆಂಬ ಪ್ರಶ್ನೆಯನ್ನು. ಕಾನಾ ಊರಿನ ಮದುವೆಯಲ್ಲಿ ಬೇರೆಯವರ ಮನೆಯ ಕೊರತೆಯನ್ನು ಮೊದಲು ಕಂಡು ಮಗನಿಗೆ ತಿಳಿಸಿದವರೂ ಅವರೇ. ಎಲಿಜಬೇತಳ ಮನೆಯಲ್ಲಿ ಅವರು ಹಾಡಿದ ಸ್ತೋತ್ರದಲ್ಲಿ ಸಿಂಹಾಸನಗಳಿಂದ ಕೆಳಗಿಳಿಯುವ ಬಲಾಢ್ಯರಿದ್ದಾರೆ, ತೃಪ್ತಿ ಹೊಂದುವ ಹಸಿದವರಿದ್ದಾರೆ. ಸಂತ ಮತ್ತಾಯರು ಬರೆದ ಯೇಸುವಿನ ವಂಶಾವಳಿಯಲ್ಲಿ ಮರಿಯಳಿಗಿಂತ ಮೊದಲು ಕಾಣಿಸಿಕೊಳ್ಳುವ ನಾಲ್ವರು ಸ್ತ್ರೀಯರಲ್ಲಿ ಹಕ್ಕಲು ಆಯ್ದ ರೂತಳೂ ಒಬ್ಬಳು. ದಾವೀದ ಅರಸನ ಮುತ್ತಜ್ಜಿ ಆಕೆ. ಹೊಲದ ಅಂಚಿನಲ್ಲಿ ಬಿಟ್ಟ ಕೆಲವು ತೆನೆಗಳಿಂದ ರಕ್ಷಣೆಯ ಚರಿತ್ರೆಯೇ ಮುಂದುವರಿಯಿತು.

ಆದಕಾರಣ ನಮ್ಮ ಕುಟುಂಬಗಳಲ್ಲಿ ಪಾಸ್ಕಕ್ಕೆ ಮುನ್ನ ಒಂದು ಸಂಜೆ ಜಪಸರ ಮುಗಿದ ಮೇಲೆ ಹೊಲಮನೆಯ ಕಾಗದಗಳನ್ನು ತೆಗೆದು ನೋಡುವುದು ಒಳ್ಳೆಯ ತಪಸ್ಸಾದೀತು. ತೀರಿಕೊಂಡವರ ಹೆಸರಿನಲ್ಲಿಯೇ ಉಳಿದ ಉತಾರಗಳಿದ್ದರೆ ಸರಿಪಡಿಸಿರಿ. ಬದುಕಿರುವವರು ಉಯಿಲು ಬರೆಯುವುದಾದರೆ ಪತ್ನಿಯನ್ನೂ ಹೆಣ್ಣುಮಕ್ಕಳನ್ನೂ ಮರೆಯಬೇಡಿರಿ. ಮನೆಯಲ್ಲಿ ಸೊಸೆಯಿದ್ದರೆ, ನಾಳೆ ಅವಳ ಗತಿಯೇನೆಂಬುದನ್ನು ಅವಳ ಎದುರಿನಲ್ಲಿಯೇ ಮಾತನಾಡಿರಿ. ಉಪವಾಸವಿದ್ದು ಉಳಿಸಿದ ರೊಟ್ಟಿಯನ್ನು ದಾನ ಮಾಡುವುದು ಸುಲಭ. ಸಲ್ಲಬೇಕಾದ ಎರಡು ಎಕರೆಯನ್ನು ಸಲ್ಲಿಸುವುದು ಕಷ್ಟ. ದೇವರು ಮೆಚ್ಚುವ ಉಪವಾಸವು ಅನ್ಯಾಯದ ಕಟ್ಟುಗಳನ್ನು ಬಿಚ್ಚುವುದೆಂದು ಪ್ರವಾದಿ ಯೆಶಾಯನೂ ಸಾರಿದ್ದಾನೆ.

ಇನ್ನು ತಾಯಂದಿರಿಗೂ ಸಹೋದರಿಯರಿಗೂ ನಮ್ಮದೊಂದು ವಿನಂತಿ. ಬಂದು ಕೇಳಿರಿ. ಒಮ್ಮೆ ಕೇಳಿ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿರಿ. ಗುರುಗಳು ಕಥೆ ಹೇಳಿ ಕಳುಹಿಸಲು ಹೊರಟರೆ, ಕಟ್ಟೆಯ ಮೇಲಿನ ಆ ಹಿರಿಯಳಂತೆ ಮೆಲ್ಲಗೆ ಎಚ್ಚರಿಸಿರಿ. ಆಕೆ ಕಳೆದ ವರ್ಷದ ಸುಗ್ಗಿಯಲ್ಲಿ ತನ್ನ ಪಾಲಿನ ಹೊಲದ ಬದುವಿನಲ್ಲಿ ನಿಂತು, ರಾಶಿಯಾದ ಮೇಲೆ ಉಳಿದ ತೆನೆಗಳನ್ನು ಆಯಲು ಬಂದ ನೆರೆಯ ಹೆಂಗಸರನ್ನು ಯಾರೂ ಗದರಿಸದಂತೆ ನೋಡಿಕೊಳ್ಳುತ್ತಿದ್ದಳು. ಹಕ್ಕಲು ಆಯ್ದವಳಿಗೆ ಹೊಲದ ಅಂಚು ಬಿಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ರೂತಳನ್ನೂ ನವೊಮಿಯನ್ನೂ ಕೈಬಿಡದ ದೇವರು ನಮ್ಮ ಮನೆತನಗಳನ್ನು ಹರಸಲಿ. ಗುಳೆ ಹೋದವರನ್ನು ಸುರಕ್ಷಿತವಾಗಿ ಮನೆಗೆ ಕರೆತರಲಿ.